ಅಕ್ಷತೆ ಹಾಕಿ ತೆರೆದ ಲಗ್ನಪತ್ರಿಕೆ

ಜಗಲಿ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆ. ರಾತ್ರಿ ನೆನೆಸಿಟ್ಟ ಕಾಳು. ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಕೈಯಲ್ಲಿ. ಧನುರ್ಮಾಸದಲ್ಲಿ ಜಂಗಮಕೋಟೆ ಸುತ್ತಮುತ್ತ ಯಾವ ಊರಿನ ಜಗಲಿ ನೋಡಿದರೂ ಹೆಂಗಸರಿಗೆ ಇದೇ ಕೆಲಸ. ಅವತ್ತು ನನಗೆ ಸ್ವಲ್ಪ ಬಿಡುವೂ ಇತ್ತು. ಹಿತ್ತಲಿನ ಹುಳು ಮನೆಯಲ್ಲಿ ರೇಷ್ಮೆ ಹುಳು ಮೂರನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆ ಹೊತ್ತಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ.

ನಮ್ಮ ಮನೆಯವರು ತಮ್ಮ ಬಟನ್ ಫೋನು ಹಿಡಿದುಕೊಂಡು ಬಂದರು. ಗೌರಿಬಿದನೂರಿನಲ್ಲಿರುವ ಅವರ ತಂಗಿಯ ಫೋನು. ನಿನ್ನ ಹತ್ತಿರಾನೇ ಮಾತಾಡಬೇಕಂತೆ ಅಂದರು. ನನ್ನ ಕೈ ಒದ್ದೆ ಇದ್ದುದರಿಂದ ಅವರೇ ನನ್ನ ಕಿವಿಗೆ ಹಿಡಿದರು.

"ಅತ್ತಿಗೆ, ನೀವು ಕಳಿಸಿದ್ರಲ್ಲ ಲಗ್ನಪತ್ರಿಕೆ, ಅದು ಪತ್ರಿಕೆನೇ ಅಲ್ವಂತೆ. ಕಳ್ಳರು ಮಾಡಿ ಬಿಟ್ಟಿರೋದಂತೆ. ತೆಗೆದ್ರೆ ಫೋನೊಳಗೆ ಕೂತ್ಕೊಂಡು ಎಲ್ಲಾ ನೋಡುತ್ತಂತೆ. ನನ್ನ ಫೋನಿಂದ ಈಗ ಸಿಕ್ಕಸಿಕ್ಕೋರಿಗೆಲ್ಲ ತಾನಾಗೇ ಹೋಗ್ತಿದೆ. ನಿಮ್ಮ ಫೋನಲ್ಲಿ ಆ ಹುಡುಗಿದು ಏನೇನಿದೆ?"

ಏನೇನಿದೆ ಅಂತ ಹೇಳಲಿ? ಎಲ್ಲಾ ಇತ್ತು.

ಆ ಹುಡುಗಿ ಅಂದರೆ ನಮ್ಮ ಎದುರು ಮನೆ ಅಕ್ಕನ ಸೊಸೆ. ಅಕ್ಕ ನನ್ನ ಒಡಹುಟ್ಟಿದವರಲ್ಲ. ಮದುವೆಯಾಗಿ ಈ ಬೀದಿಗೆ ಬಂದ ದಿನದಿಂದ ನಾನು ಅವರನ್ನು ಕರೆಯೋದೇ ಹಾಗೆ. ಅವರ ದೊಡ್ಡ ಮಗ ನಾಲ್ಕು ವರ್ಷದ ಹಿಂದೆ ಜ್ವರ ಅಂತ ಮಲಗಿದವನು ಏಳಲಿಲ್ಲ. ಸೊಸೆಗೆ ಈಗ ಇಪ್ಪತ್ತೆಂಟು, ಒಂದನೇ ಕ್ಲಾಸಿಗೆ ಹೋಗುವ ಒಬ್ಬಳು ಹೆಣ್ಣು ಮಗಳು. ಬೇಸಿಗೆಯಲ್ಲಿ ನಮ್ಮ ನಾದಿನಿ ಊರಿಗೆ ಬಂದಾಗ ಅವಳನ್ನು ನೋಡಿ ಹೋಗಿದ್ದಳು. ತಮ್ಮ ಬೀದಿಯಲ್ಲಿ ಮಿಲ್ಲಿನ ಫಿಟ್ಟರ್ ಒಬ್ಬ ಇದ್ದಾನೆ, ಹೆಂಡತಿ ತೀರಿಹೋಗಿ ಮೂರು ವರ್ಷ ಆಯಿತು, ಕೆಟ್ಟ ಚಾಳಿ ಇಲ್ಲ, ಮಗೂನೂ ಕರ್ಕೊಂಡು ಹೋಗೋಕೆ ತಯಾರಿದ್ದಾನೆ ಅಂತ ಹೇಳಿದಳು. ಮೊದಲು ಅವರಿಬ್ಬರೂ ಮಾತಾಡಿ ನೋಡಲಿ, ಮನಸ್ಸು ಕೂಡಿದರೆ ಸಂಕ್ರಾಂತಿ ಕಳೆದ ಮೇಲೆ ಹಿರಿಯರು ಬಂದು ಕ್ರಮವಾಗಿ ಕೇಳೋಣ ಅಂತ ನಾವು ನಾವೇ ತೀರ್ಮಾನ ಮಾಡಿಕೊಂಡೆವು.

ಆ ಹುಡುಗಿಯ ಹತ್ತಿರ ಇದ್ದದ್ದು ಬಟನ್ ಫೋನು. ಅದಕ್ಕೆ ರೀಚಾರ್ಜ್ ಮಾಡಿಸುವವನು ಅವಳ ಮೈದುನ, ಯಾರ ಫೋನು ಬಂತು, ಯಾರಿಗೆ ಹೋಯ್ತು ಅಂತ ನೋಡುವವನೂ ಅವನೇ. ಹಾಗಾಗಿ ಅವಳು ಹೆಪ್ಪಿಗೆ ಮೊಸರು ಬೇಕು, ಕರಿಬೇವು ಬೇಕು ಅಂತ ಬಂದು ನಮ್ಮ ಅಡುಗೆ ಮನೆಯಲ್ಲಿ ಕೂತು ನನ್ನ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳು ಮಾತಾಡಿ ಕಳಿಸಿದ್ದು, ಆತ ಮಾತಾಡಿ ಕಳಿಸಿದ್ದು, ಮಗುವಿನ ಫೋಟೋ, ನನ್ನ ಮಗಳು ತೆಗೆದ ಅವಳ ಹಸಿರು ಸೀರೆಯ ಫೋಟೋ, ಎಲ್ಲ ಅದರಲ್ಲೇ. ಆತನ ನಂಬರನ್ನು 'ಗೌರಿಬಿದನೂರು ಗ್ಯಾಸ್' ಅಂತ ಬರೆದಿಟ್ಟಿದ್ದೆ. ನನ್ನ ಬುದ್ಧಿವಂತಿಕೆ ಅಷ್ಟರ ಮಟ್ಟಿಗಿತ್ತು.

ಭಯ ಇದ್ದದ್ದು ಒಂದೇ ವಿಷಯಕ್ಕೆ, ಆ ಮಗುವಿಗೆ. ಹಿರಿಯರು ಬಂದು ಕೂತು ಕೇಳಿದರೆ ಮಾತಿಗೆ ಮಾತು ಕೂಡುತ್ತದೆ. ಬೀದಿ ಬಾಯಿಂದ ಗೊತ್ತಾದರೆ ಆ ಮೈದುನ ಬಿಸಿ ರಕ್ತದವನು, ನೀನು ಬೇಕಾದರೆ ಹೋಗು, ನಮ್ಮಣ್ಣನ ಮಗು ಇಲ್ಲೇ ಇರಲಿ ಅಂದುಬಿಟ್ಟರೆ ಆಮೇಲೆ ಯಾರು ಹೇಳಿದರೂ ಕೇಳುವವನಲ್ಲ. ಮಗು ಬಿಟ್ಟು ಅವಳು ಹೋಗುವವಳಲ್ಲ. ಅಲ್ಲಿಗೆ ಮುಗಿದ ಹಾಗೆ.

ಇನ್ನು ಆ ಪತ್ರಿಕೆ ವಿಷಯ. ಮೂರು ದಿನದ ಹಿಂದೆ ಚಿಂತಾಮಣಿಯ ನಮ್ಮ ದಾಯಾದಿಗಳ ನಂಬರಿನಿಂದ ಬಂದಿತ್ತು. ನಮ್ಮ ಮನೆ ಮದುವೆ, ತಪ್ಪದೆ ಬನ್ನಿ, ನಿಮ್ಮ ಕಡೆಯವರಿಗೆಲ್ಲ ತಿಳಿಸಿ ಅಂತ ಎರಡು ಸಾಲು, ಕೆಳಗೆ ಒತ್ತಿ ತೆಗೆಯುವ ಪತ್ರಿಕೆ. ನಮ್ಮ ವಂಶದಲ್ಲಿ ಒಂದು ಪದ್ಧತಿ ಉಂಟು. ಪತ್ರಿಕೆ ಬರುವುದು ಹಿರಿಯ ಸೊಸೆಯ ಮನೆಗೆ. ಮಿಕ್ಕ ಮನೆಗಳಿಗೆ ತಿಳಿಸುವುದು ಅವಳ ಪಾಲಿನ ಕೆಲಸ. ಒಂದು ಮನೆ ತಪ್ಪಿದರೂ ಹತ್ತು ವರ್ಷ ಮಾತು ಕೇಳಬೇಕು. ನಾನು ಹಿರಿಯ ಸೊಸೆ. ಆಮೇಲೆ, ಪತ್ರಿಕೆ ಅಂದರೆ ಮೊದಲು ದೇವರ ಮುಂದೆ ಇಡಬೇಕು. ನಾನು ಫೋನನ್ನೇ ದೇವರ ಮುಂದೆ ಇಟ್ಟೆ. ಅದರ ಕವರಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಎರಡು ಕಾಳು ಅಕ್ಷತೆ ಹಾಕಿ, ಕೈ ಮುಗಿದು ತೆಗೆದೆ.

ತೆಗೆದಾಗ ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಒಂದು ಕಡೆ ಬೇಕು ಅನ್ನುವುದು, ಒಂದು ಕಡೆ ಬೇಡ ಅನ್ನುವುದು, ಅಷ್ಟು ನನಗೆ ಗೊತ್ತಾಗುತ್ತದೆ. ಶುಭಕಾರ್ಯಕ್ಕೆ ಬೇಡ ಅನ್ನಬಾರದು ಅಂತ ಕೇಳಿದ್ದಕ್ಕೆಲ್ಲ ಬೇಕು ಬೇಕು ಅಂತಲೇ ಒತ್ತಿದೆ. ಪತ್ರಿಕೆ ಮಾತ್ರ ಕಾಣಿಸಲಿಲ್ಲ. ನನ್ನದು ಹಳೇ ಫೋನು, ಬೇರೆಯವರ ಫೋನಿನಲ್ಲಿ ಕಂಡೀತು ಅಂದುಕೊಂಡು ಹನ್ನೊಂದು ಮನೆಗೂ ಕಳಿಸಿದೆ. ನಮ್ಮ ಬೀದಿಯ ಭಜನೆ ಗ್ರೂಪಿಗೂ ಹಾಕಿದೆ. ಆ ಗ್ರೂಪಿನಲ್ಲಿ ಎದುರು ಮನೆ ಮೈದುನನೂ ಇದ್ದಾನೆ.

ನಾದಿನಿ ಫೋನು ಇಟ್ಟ ಮೇಲೆ ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರಿಗೆ ಆ ಹುಡುಗಿಯ ವಿಷಯ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದನ್ನು ಮೂವತ್ತು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದಾರೆ. ಮಗಳಿಗೆ ಫೋನು ಮಾಡು ಅಂದು, ನಂಬರನ್ನೂ ಅವರೇ ಒತ್ತಿ ಕೊಟ್ಟು ತೋಟಕ್ಕೆ ಹೋದರು.

ಮಗಳು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕ್ಲಾಸಿನಿಂದ ಹೊರಗೆ ಬಂದು ಪಿಸುಮಾತಿನಲ್ಲಿ ಮಾತಾಡಿದಳು. ಮೊದಲು ಏರೋಪ್ಲೇನಿನ ಗುರುತು ಒತ್ತು, ಆಮೇಲೆ ಏನನ್ನೂ ಮುಟ್ಟಬೇಡ, ನಾನು ಸಂಜೆ ಬಸ್ಸಿಗೆ ಬರ್ತೀನಿ ಅಂದಳು. ಯಾರಿಗೆ ಏನೇನು ಹೋಗಿದೆ ಅಂತ ಕೇಳಿದೆ. ನೋಡದೆ ಹೇಗಮ್ಮ ಹೇಳೋದು ಅಂದಳು. ಅವರೆಕಾಳು ಹಿದುಕಿದ ಬೆರಳು ನೆನೆದು ಸುಕ್ಕಾಗಿತ್ತು, ಒತ್ತಿದರೆ ಫೋನು ತೆಗೆದುಕೊಳ್ಳಲೇ ಇಲ್ಲ. ಸೆರಗಿಗೆ ಮೂರು ಸಲ ಒರೆಸಿಕೊಂಡು ಒತ್ತಿದ ಮೇಲೆ ಆ ಗುರುತು ಹತ್ತಿಕೊಂಡಿತು.

ಮತ್ತೆ ಬಂದು ಕೂತೆ. ಕೂತರೆ ಕೂರಲಾಗದು, ಎದ್ದರೆ ಎಲ್ಲಿಗೆ ಹೋಗುವುದೋ ಗೊತ್ತಾಗದು. ಒಳಗೆ ಹೋಗಿ ದೇವರಿಗೆ ಇನ್ನೊಂದು ಬತ್ತಿ ಹಚ್ಚಿದೆ. ಬ್ಯಾಂಕಿನಲ್ಲಿರೋದು ಹೋದರೆ ಹೋಗಲಿ ತಂದೆ, ಆ ಮಗುವಿನ ತಾಯಿಯ ಮಾತು ಬೀದಿಗೆ ಬೀಳದೆ ಇರಲಿ, ಕೈವಾರದ ಗುಡಿಗೆ ನಡೆದು ಬರ್ತೀನಿ ಅಂದುಕೊಂಡೆ. ಹೊರಗೆ ಬರುವಷ್ಟರಲ್ಲಿ ಎದುರು ಮನೆ ಅಕ್ಕ ನಮ್ಮ ಜಗಲಿ ಮೇಲೆ ಕೂತು ನನ್ನ ಅವರೆಕಾಳಿಗೇ ಕೈ ಹಾಕಿದ್ದರು. ದಿನಾ ಹೀಗೇ. ಅವರದು ಮುಗಿದರೆ ನನ್ನದಕ್ಕೆ ಬರುತ್ತಾರೆ, ನನ್ನದು ಮುಗಿದರೆ ನಾನು ಅವರದಕ್ಕೆ ಹೋಗುತ್ತೇನೆ.

ಒಂದು ಹಿಡಿ ಕಾಳು ಹಿದುಕಿ ಆದ ಮೇಲೆ ಅವರೇ ಮಾತು ತೆಗೆದರು. ನಮ್ಮೋನು ಹೇಳ್ತಿದ್ದ, ನೀನೇನೋ ಪತ್ರಿಕೆ ಹಾಕಿದ್ದೀಯಂತೆ, ತೆಗೆಯೋಕೇ ಬರಲಿಲ್ವಂತೆ ಅಂದರು. ಯಾರದು ಮದುವೆ ಅಂತ ಕೇಳಿದರು. ಚಿಂತಾಮಣಿಯವರದು ಅಂದೆ.

"ಧನುರ್ಮಾಸದಲ್ಲಿ ಎಂಥ ಪತ್ರಿಕೆನೇ? ಪೂಜೆ ಪುನಸ್ಕಾರ ಎಲ್ಲಾ ಮಾಡ್ತೀಯ, ಅಷ್ಟೂ ಹೊಳೀಲಿಲ್ವಾ ನಿಂಗೆ?"

ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ. ನಿಜವಾಗಿಯೂ ನನಗದು ಹೊಳೆದಿರಲಿಲ್ಲ. ಅವರ ಸೊಸೆಯ ಬದುಕಿನ ಮಾತು ನನ್ನ ಸೊಂಟದ ಸೆರಗಿನ ಗಂಟಿನಲ್ಲಿ, ಫೋನಿನೊಳಗೆ ಕೂತಿತ್ತು, ಅವರು ನನ್ನ ಮುಂದೆ ಕೂತು ನನ್ನ ಬೇಳೆ ಹಿದುಕಿ ಕೊಡುತ್ತಿದ್ದರು. ಅವರ ಮಗನಿಗೆ ಪತ್ರಿಕೆ ತೆಗೆಯಲು ಬರಲಿಲ್ಲ ಅನ್ನುವುದೊಂದೇ ಆ ಬೆಳಗಿನಲ್ಲಿ ದೇವರು ಕೊಟ್ಟದ್ದು. ಅದನ್ನೇ ಹಿಡಿದುಕೊಂಡು ಕೂತೆ.

ಮಧ್ಯಾಹ್ನ ಊಟ ಆದ ಮೇಲೆ ಆ ಹುಡುಗಿ ಸೊಪ್ಪಿನ ತೋಟಕ್ಕೆ ಹೋದದ್ದು ಕಂಡಿತು. ಅವರದೂ ನಮ್ಮದೂ ಒಂದೇ ಬದು. ನಾನೂ ಕುಡುಗೋಲು ಹಿಡಿದುಕೊಂಡು ಹೋದೆ. ಹೇಳದೆ ಇರೋಣ, ಮಗಳು ಬಂದು ನೋಡಲಿ, ಆಮೇಲೆ ಹೇಳೋಣ ಅಂತ ದಾರಿಯುದ್ದಕ್ಕೂ ಅಂದುಕೊಂಡು ಹೋದವಳು, ಅವಳ ಮುಖ ನೋಡಿದ ಕೂಡಲೇ ಹೇಳಿಬಿಟ್ಟೆ. ಪತ್ರಿಕೆ ಬಂದದ್ದು, ನಾನು ತೆಗೆದದ್ದು, ಕಳಿಸಿದ್ದು, ಎಲ್ಲ.

ಅವಳು ಕೊಯ್ದ ಕಡ್ಡಿಗಳನ್ನು ಜೋಡಿಸುತ್ತಲೇ ಕೇಳಿಸಿಕೊಂಡಳು.

"ನನ್ನದು ಏನೇನು ಹೋಗಿದೆ ಚಿಕ್ಕತ್ತೆ?"

"ಗೊತ್ತಿಲ್ಲ ಕಣಮ್ಮ."

ಹೋಗಿದೆ ಅಂದಿದ್ದರೆ ಅವಳು ಅತ್ತುಬಿಡುತ್ತಿದ್ದಳೇನೋ. ಇಲ್ಲ ಅಂದಿದ್ದರೆ ನಗುತ್ತಿದ್ದಳು. ಗೊತ್ತಿಲ್ಲ ಅನ್ನುವುದಕ್ಕೆ ಏನು ಮಾಡುವುದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಅವಳು ಹೊರೆ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ತಾನು ಆತನಿಗೆ ಮಗುವಿನ ವಿಷಯ ಹೇಳಿ ಕಳಿಸಿದ್ದನ್ನು ನೆನೆಸಿಕೊಂಡಳು. ಅಪ್ಪ ಎಲ್ಲಿ ಅಂತ ಮಗು ಕೇಳಿದಾಗ ತಾನು ಏನು ಹೇಳಿದೆ ಅನ್ನುವುದು ಅದರಲ್ಲಿತ್ತಂತೆ. ಅದನ್ನ ಯಾರೋ ಕೂತು ಕೇಳಿರ್ತಾರಾ ಅಂದಳು.

ಹೊರೆಯ ಹಗ್ಗ ಬಿಗಿದು ಅವಳು ಹೇಳಿದಳು. ಇನ್ನು ನಾನು ಕಾಯೋದಿಲ್ಲ, ಬೇರೆಯವರ ಬಾಯಿಂದ ಕೇಳೋ ಮುಂಚೆ ನಮ್ಮತ್ತೆಗೆ ನಾನೇ ಹೇಳ್ತೀನಿ, ಇವತ್ತೇ. ನಾನು ಬೇಡ ಅಂದೆ. ಸಂಜೆವರೆಗೆ ತಡಿ, ನನ್ನ ಮಗಳು ಬಂದು ನೋಡ್ತಾಳೆ, ಏನೂ ಹೋಗಿಲ್ಲದೆ ಇರಬಹುದು ಅಂದೆ.

"ಹೋಗಿದ್ರೂ ಅಷ್ಟೆ, ಹೋಗದೆ ಇದ್ರೂ ಅಷ್ಟೆ ಚಿಕ್ಕತ್ತೆ. ಇಷ್ಟು ಹೊತ್ತು ಎದೆ ಹಿಡ್ಕೊಂಡು ಇರೋದು ನನಗೆ ಆಗಲ್ಲ."

ಹೊರೆ ತಲೆ ಮೇಲೆ ಇಟ್ಟುಕೊಂಡು ಹೋದಳು. ಎತ್ತಿ ಇಡಲು ನನ್ನನ್ನು ಕೇಳಲೂ ಇಲ್ಲ.

ಸಂಜೆ ಐದೂವರೆ ಬಸ್ಸಿಗೆ ಮಗಳು ಬಂದಳು. ಕೈಕಾಲು ತೊಳೆದವಳೇ ನನ್ನ ಫೋನು ತೆಗೆದುಕೊಂಡು ಕೂತಳು. ಮೊದಲನೇ ಬೈಗುಳ ಬೀಗದ್ದು. ನನ್ನ ಫೋನಿಗೆ ಬೀಗವೇ ಇರಲಿಲ್ಲ. ಅವರೆಕಾಯಿ ಕಾಲ ಬಂತೆಂದರೆ ನನ್ನ ಬೆರಳಿನ ಗುರುತು ಅದಕ್ಕೆ ಸಿಗುವುದಿಲ್ಲ, ಹುಳುವಿಗೆ ಸುಣ್ಣ ಚೆಲ್ಲಿದ ದಿನವೂ ಅಷ್ಟೆ. ಯಾತಕ್ಕೆ ತಾಪತ್ರಯ ಅಂತ ತೆಗೆಸಿಬಿಟ್ಟಿದ್ದೆ. ಕೆಲಸ ಮಾಡುವ ಕೈಯ ಗುರುತು ಫೋನಿಗೆ ಬೇಡವಾದರೆ ನಾನೇನು ಮಾಡಲಿ ಅಂದೆ.

"ಹುಳು ಮನೆ ಬಾಗಿಲಲ್ಲಿ ಚಿಕ್ಕಪ್ಪನ್ನೇ ನಿಲ್ಲಿಸಿ ಕಾಲು ಸುಣ್ಣಕ್ಕೆ ಅದ್ದಿಸ್ತೀಯ. ಇವನ್ಯಾರೋ ಪತ್ರಿಕೆ ಹಿಡ್ಕೊಂಡು ಬಂದೋನಿಗೆ ಒಳಗೆ ಕರೆದು ಚಾಪೆ ಹಾಸಿದ್ದೀಯಲ್ಲಮ್ಮ."

ಅದು ನಾಟಿತು. ಹುಳು ಮನೆಗೆ ಎರಡು ಬಾಗಿಲು, ಕಿಟಕಿಗೆ ಸೊಳ್ಳೆ ಪರದೆಯಂಥ ಬಲೆ. ಬಲೆ ಒಂದು ಕಡೆ ಹರಿದಿದ್ದರೆ ಸಾಕು, ಊಜಿ ನೊಣ ಒಳಗೆ ಬಂದು ಹುಳುವಿನ ಮೈ ಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ನಮಗೆ ಕಪ್ಪು ಚುಕ್ಕೆ ಕಾಣುವ ಹೊತ್ತಿಗೆ ಅದರ ಮರಿ ಹುಳುವಿನ ಒಳಗಿರುತ್ತದೆ. ಇಷ್ಟೆಲ್ಲ ಗೊತ್ತಿದ್ದವಳು ನಾನು.

ಮಗಳು ಹುಡುಕಿ ತೆಗೆದಳು. ಆ ಪತ್ರಿಕೆ ಅನ್ನುವುದು ಫೋನಿನೊಳಗೆ ಚಿತ್ರವಿಲ್ಲದೆ, ಬರೀ ಹೆಸರಿನಲ್ಲಿ ಕೂತಿತ್ತು. ನನಗೆ ಬರುವ ಮೆಸೇಜುಗಳನ್ನು ಓದುವುದಕ್ಕೆ, ಎಲ್ಲರ ನಂಬರು ನೋಡುವುದಕ್ಕೆ, ಬೇರೆ ಆ್ಯಪ್‌ಗಳ ಮೇಲೆ ಕೂರುವುದಕ್ಕೆ ನಾನೇ ಒಪ್ಪಿಗೆ ಕೊಟ್ಟಿದ್ದೆನಂತೆ. ಜೊತೆಗೆ ನನ್ನ ಮಾತುಕತೆಗಳೆಲ್ಲ ಎಲ್ಲಿಯೋ ಒಂದು ಗೊತ್ತಿಲ್ಲದ ಕಂಪ್ಯೂಟರಿನಲ್ಲಿ ಮೊನ್ನೆಯಿಂದ ತೆರೆದುಕೊಂಡಿದ್ದವು. ಅದನ್ನು ಅವಳು ಮುಚ್ಚಿದಳು. ಬ್ಯಾಂಕಿಗೆ ತಿಳಿಸಿ, ಗುಟ್ಟಿನ ನಂಬರುಗಳನ್ನೆಲ್ಲ ತನ್ನ ಫೋನಿನಿಂದಲೇ ಬದಲಾಯಿಸಿದಳು. ಪೊಲೀಸರ ಸೈಬರ್ ದೂರಿಗೂ ಬರೆದು ಹಾಕಿದಳು. ನಮ್ಮ ದುಡ್ಡಿಗೆ ಏನೂ ಆಗಿರಲಿಲ್ಲ, ಅದು ದೇವರ ದಯೆ.

ನನಗೆ ಬೇಕಿದ್ದ ಉತ್ತರ ಬೇರೆ. ಆ ಹುಡುಗಿಯ ಮಾತು ಯಾರಿಗಾದರೂ ಹೋಗಿದೆಯಾ ಅಂತ ನಾಲ್ಕು ಸಲ ಕೇಳಿದೆ. ಮಗಳು ಒಂದೊಂದೇ ತೆಗೆದು ನೋಡಿದಳು. ನನ್ನ ಫೋನಿನಿಂದ ಹೊರಟದ್ದು ಪತ್ರಿಕೆ ಮಾತ್ರ. ಬೀದಿಯವರಿಗೆ, ನೆಂಟರಿಗೆ ಬೇರೆ ಏನೂ ಹೋಗಿಲ್ಲ. ಆ ಕಂಪ್ಯೂಟರಿನವನು ಕೇಳಿರಬಹುದಾ ಅಂದೆ. ಕೇಳಬಹುದಿತ್ತು, ಕೇಳಿದನೋ ಇಲ್ಲವೋ ಗೊತ್ತಾಗಲ್ಲ, ಅವರಿಗೆ ಬೇಕಾಗಿರೋದು ಬ್ಯಾಂಕಿನ ನಂಬರು ಕಣಮ್ಮ, ಯಾರ ಮದುವೆ ಕಟ್ಟಿಕೊಂಡು ಅವರಿಗೇನು ಅಂದಳು.

ಆಮೇಲೆ ಫೋನನ್ನು ಪೂರ್ತಿ ತೊಳೆದುಬಿಡೋದೇ ಒಳ್ಳೇದು ಅಂದಳು. ಬೇಕಾದ ಫೋಟೋ ಮಾತ್ರ ಎತ್ತಿಟ್ಟುಕೊಂಡು ಮಿಕ್ಕಿದ್ದೆಲ್ಲ ಅಳಿಸಿ ಹೊಸದರ ಹಾಗೆ ಮಾಡಿದಳು. ಹಳೆಯದರಲ್ಲಿ ಪಂಚಾಂಗದ ಆ್ಯಪ್‌ಗೆ ನನ್ನ ಮೈಕು, ಟಾರ್ಚಿನ ಆ್ಯಪ್‌ಗೆ ಎಲ್ಲರ ನಂಬರು, ಸ್ತೋತ್ರ ಕೇಳುವ ಆ್ಯಪ್‌ಗೆ ನಾನೆಲ್ಲಿದ್ದೀನಿ ಅನ್ನುವುದು ಗೊತ್ತಿತ್ತಂತೆ. ರಾಹುಕಾಲ ಹೇಳೋಕೆ ಅದಕ್ಕೆ ನಿನ್ನ ಮಾತು ಯಾಕಮ್ಮ ಕೇಳಬೇಕು ಅಂತ ಕೇಳಿದಳು. ಇನ್ನು ಮೇಲೆ ಕೇಳಿದ್ದಕ್ಕೆಲ್ಲ ಬೇಡ ಅನ್ನು, ಬೇಕೇ ಬೇಕು ಅಂದಾಗ ನನ್ನನ್ನು ಕೇಳು ಅಂದಳು. ಬೀಗಕ್ಕೆ ಆರು ಅಂಕಿ ಇಡೋಣ ಅಂದಳು. ನಮ್ಮ ಮದುವೆ ತಾರೀಕು ಹೇಳಿದೆ, ಬೇಡ ಅಂದಳು. ಗಾಡಿ ನಂಬರು ಹೇಳಿದೆ, ಅದೂ ಬೇಡ ಅಂದಳು. ಬೀದಿಗೆಲ್ಲ ಗೊತ್ತಿರೋದು ಬೀಗ ಆಗುತ್ತಾ ಅಂದಳು. ಕೊನೆಗೆ ಯಾವುದಕ್ಕೂ ಸಂಬಂಧವಿಲ್ಲದ ಆರು ಅಂಕಿ ಇಟ್ಟು, ಜಪದ ಹಾಗೆ ನನ್ನಿಂದ ಹೇಳಿಸಿದಳು. ಮೆಸೇಜಿಗೆ ಬೇರೆ ಆರು ಅಂಕಿ. ಬೀಗ ಹಾಕಿದ್ದಾಗ ಫೋನಿನ ಮುಖದ ಮೇಲೆ ಯಾರ ಮಾತೂ ಕಾಣದ ಹಾಗೆಯೂ ಮಾಡಿದಳು.

ಇನ್ನು ಹನ್ನೊಂದು ಮನೆಗೂ, ಭಜನೆ ಗ್ರೂಪಿಗೂ ತಿಳಿಸಬೇಕಿತ್ತು. ಕರೆದ ಬಾಯಲ್ಲೇ ಬರಬೇಡಿ ಅಂದ ಹಾಗೆ, ಅದು ಪತ್ರಿಕೆ ಅಲ್ಲ, ತೆಗೆಯಬೇಡಿ, ತೆಗೆದಿದ್ದರೆ ಬ್ಯಾಂಕಿಗೆ ಹೇಳಿ ಅಂತ ಮಾತಾಡಿ ಕಳಿಸಿದೆ. ಸಾದಲಿಯ ನಮ್ಮ ದೊಡ್ಡತ್ತೆ ಆ ಕೂಡಲೇ ಫೋನು ಮಾಡಿ ಮದುವೆ ಯಾಕೆ ನಿಂತುಹೋಯ್ತು, ಹುಡುಗನದು ತಪ್ಪಾ ಹುಡುಗಿದಾ ಅಂತ ಕೇಳಿದರು. ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ದೀಪ ಹಚ್ಚುವ ಸಮಯ ದಾಟಿತ್ತು. ಫೋನಿಟ್ಟವಳೇ ಎದುರು ಮನೆಗೆ ಓಡಿದೆ. ಏನೂ ಹೋಗಿಲ್ಲ, ಹೇಳಬೇಡ ಅಂತ ಆ ಹುಡುಗಿಗೆ ಹೇಳಬೇಕಿತ್ತು.

ಅಕ್ಕ ಹೊಸಿಲ ಹತ್ತಿರ ಕೂತಿದ್ದರು. ತುಳಸಿ ಮುಂದೆ ದೀಪ ಹಚ್ಚಿತ್ತು. ಹುಡುಗಿ ಒಳಗೆ ಮಗುವಿನ ಜಡೆ ಬಿಚ್ಚುತ್ತಿದ್ದಳು, ನನ್ನನ್ನು ನೋಡಿ ತಲೆ ಬಗ್ಗಿಸಿದಳು. ಹೇಳಿ ಆಗಿತ್ತು.

ಯಾವತ್ತೂ ಬಾ ಕೂತ್ಕೋ ಅನ್ನುವ ಅಕ್ಕ ಅವತ್ತು ಅನ್ನಲಿಲ್ಲ. ಅವರ ತವರು ಆಂಧ್ರದ ಗಡಿ, ಮನಸ್ಸು ನೊಂದರೆ ತೆಲುಗು ಬರುತ್ತದೆ. "ನಾತೋ ಚೆಪ್ಪಕೂಡದಾ?" ಅಂದರು. ನನಗೆ ಹೇಳಬಾರದಾಗಿತ್ತಾ ಅಂತ. ಸಂಕ್ರಾಂತಿ ಆದ ಮೇಲೆ ಹಿರಿಯರು ಬಂದು ಅಂತ ಏನೋ ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನಾನು ಬಂದಾಗೆಲ್ಲ ನೀನು ಫೋನು ಬೋರಲು ಹಾಕ್ತಿದ್ದೆ. ನಾನೇನು ಕುರುಡೀನಾ? ನಾಲ್ಕು ವರ್ಷದಿಂದ ಅವಳ ತಲೆಗೆ ಎಣ್ಣೆ ಇಡ್ತಿರೋಳು ನಾನು. ನಿನ್ನ ಫೋನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ."

ನಾನು ಬಚ್ಚಿಟ್ಟದ್ದು ಇವರಿಂದ, ಬಾಗಿಲು ತೆರೆದದ್ದು ಯಾರೋ ಗೊತ್ತಿಲ್ಲದವನಿಗೆ. ಆದರೂ ಆ ಹುಡುಗಿಗೆ ಯಾರೂ ಇಣುಕದೆ ಮಾತಾಡುವುದಕ್ಕೆ ಒಂದು ಜಾಗ ಬೇಕಿತ್ತು, ಅದೂ ಸುಳ್ಳಲ್ಲ. ಎರಡೂ ನಿಜವಾದರೆ ಏನು ಮಾತಾಡುವುದು? ತಪ್ಪಾಯ್ತು ಅಕ್ಕ ಅಂದು ಬಂದೆ.

ಮಾರನೇ ದಿನ ಹುಳು ಜ್ವರ ಬಿಟ್ಟು ಎದ್ದಿತು. ಎದ್ದ ಹುಳುವಿಗೆ ಹಸಿವು ಹೆಚ್ಚು, ಸೊಪ್ಪು ಹಾಕುವುದೇ ಕೆಲಸ. ಕೈಗೆ ಕೆಲಸ ಇತ್ತು, ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಎದುರು ಮನೆ ಬಾಗಿಲು ಸದ್ದಾದರೆ ಸಾಕು, ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹೊರಗೆ ಬಂದು ನೋಡುತ್ತಿದ್ದೆ. ಅಕ್ಕ ಡೈರಿಗೆ ಹಾಲು ಹಾಕಲು ನನ್ನ ಮುಂದೆಯೇ ಹೋದರು, ತಿರುಗಿ ನೋಡಲಿಲ್ಲ. ಹುಡುಗಿ ಮೊಸರಿಗೂ ಬರಲಿಲ್ಲ, ಕರಿಬೇವಿಗೂ ಬರಲಿಲ್ಲ. ಮಗು ಮಾತ್ರ ಬ್ಯಾಗು ಹಾಕಿಕೊಂಡು ಇಸ್ಕೂಲಿಗೆ ಹೋಯಿತು, ನನಗೆ ಕೈ ಬೀಸಿತು. ಅದನ್ನೊಂದು ಒಳ್ಳೆಯದು ಅಂತ ಲೆಕ್ಕಕ್ಕೆ ಹಿಡಿದೆ. ಆ ಮನೆಯಲ್ಲಿ ಗಲಾಟೆ ಕೇಳಿಸಲಿಲ್ಲ, ಅದು ಇನ್ನೊಂದು. ಅಂದರೆ ಅಕ್ಕ ಇನ್ನೂ ಮಗನಿಗೆ ಹೇಳಿಲ್ಲ. ಹೇಳುತ್ತಾರಾ, ಹೇಳಿದರೆ ಏನಂತ ಹೇಳುತ್ತಾರೆ ಅಂತ ಅಡುಗೆ ಮಾಡುವಾಗ, ಗುಡಿಸುವಾಗ, ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ಅದೇ. ಎರಡು ದಿನ ಸಾರಿಗೆ ಉಪ್ಪು ಜಾಸ್ತಿ. ನಮ್ಮ ಮನೆಯವರು ಗೊತ್ತಿಲ್ಲದವರ ಹಾಗೆ ತಿಂದರು.

ಮೂರನೇ ದಿನ ಬೆಳಿಗ್ಗೆ ನಾದಿನಿ ಫೋನು ಮಾಡಿದಳು. ಅವಳ ಫೋನನ್ನೂ ತೊಳೆಸಿದ್ದಾಯಿತು. ಮಾತಿನ ಮಧ್ಯೆ ಒಂದು ವಿಷಯ ಹೇಳಿದಳು. ಅವಳ ಫೋನಿನಿಂದ ಆ ಫಿಟ್ಟರನಿಗೂ ಪತ್ರಿಕೆ ಹೋಗಿತ್ತಂತೆ. ಆತ ಅದನ್ನು ತೆಗೆದಿರಲಿಲ್ಲ. ತನ್ನ ಮನೆಯಿಂದ ಎದ್ದು ಇವಳ ಮನೆ ಬಾಗಿಲಿಗೇ ಬಂದು, ಇದು ನೀವು ಕಳಿಸಿದ್ದೇನಾ ಅಕ್ಕ, ತೆಗೀಬಹುದಾ ಅಂತ ಕೇಳಿದನಂತೆ. ಇವಳ ಫೋನು ಕೆಟ್ಟಿರುವುದು ಮೊದಲು ಗೊತ್ತಾದದ್ದೇ ಆತ ಕೇಳಿದ್ದರಿಂದ.

ಫೋನಿಟ್ಟು ಅಂಗಳದಲ್ಲಿ ರಾಗಿ ಹರವಿಕೊಂಡು ಕೂತೆ. ಮಿಲ್ಲಿಗೆ ಕಳಿಸುವ ರಾಗಿ, ಕೇರಿ ಕಲ್ಲು ಆರಿಸಬೇಕಿತ್ತು. ಎರಡು ಮೊರ ಆಗುವಷ್ಟರಲ್ಲಿ ಎದುರು ಮನೆ ಅಕ್ಕ ಬೀದಿ ದಾಟಿ ಬಂದರು. ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ರಾಗಿಗೆ ಕೈ ಹಾಕಲಿಲ್ಲ.

ಅವನು ಮಾತಾಡಿರೋದು ನಿನ್ನ ಫೋನಲ್ಲಿದೆಯಂತಲ್ಲ, ಹಾಕು, ಕೇಳ್ತೀನಿ ಅಂದರು. ಎಲ್ಲ ಅಳಿಸಿಹೋಗಿದೆ, ಮಗಳು ಫೋನು ತೊಳೆದಾಗ ಹೋಯ್ತು ಅಂದೆ. ನಂಬಿದರೋ ಇಲ್ಲವೋ ಅಂತ ಫೋನು ತಂದು ಬೀಗ ತೆಗೆದು ಅವರ ಕೈಗೇ ಕೊಟ್ಟೆ. ಅವರು ನೋಡಲಿಲ್ಲ, ಪಕ್ಕದಲ್ಲಿಟ್ಟರು. ದನಿ ಕೇಳಿದ್ರೆ ಮನುಷ್ಯ ಎಂಥೋನು ಅಂತ ಗೊತ್ತಾಗ್ತಿತ್ತು ಅಂದರು. ಆಗ ನಾನು ನಾದಿನಿ ಹೇಳಿದ್ದನ್ನು ಹೇಳಿದೆ. ಪತ್ರಿಕೆ ಹೋದದ್ದು, ಆತ ತೆಗೆಯದೆ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದ್ದು.

ಅಕ್ಕ ಒಂದು ರಾಗಿ ಕಾಳು ಎತ್ತಿ ಬೆರಳಲ್ಲಿ ಹೊರಳಿಸುತ್ತಾ ಕೂತಿದ್ದರು. ಕೊನೆಗೆ ಮಗನಿಗೆ ನಾನು ಹೇಳ್ಕೋತೀನಿ, ನನ್ನ ಮಾತು ಮೀರಲ್ಲ ಅವನು ಅಂದರು. ಅದು ನನಗೆ ಹೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

"ಸಂಕ್ರಾಂತಿ ಆಗೋವರೆಗೂ ನಾನು ಕಾಯಲ್ಲ. ಈ ಭಾನುವಾರವೇ ಬರಕ್ಕೇಳು. ಮಗೂನ ಕರ್ಕೊಂಡು ಹೋಗೋನು ನನ್ನ ಮುಂದೆ ಕೂತು, ನನ್ನ ಮುಖ ನೋಡಿ ಕೇಳಲಿ."

ಕೊಡ್ತೀರಾ ಅಕ್ಕ ಅಂದೆ. ಕೇಳಲಿ ಮೊದಲು ಅಂದರು. ಎದ್ದು ಸೀರೆ ಕೊಡವಿಕೊಂಡು ಹೋದರು. ಅವರ ಬಾಗಿಲ ಹಿಂದೆ ಹುಡುಗಿಯ ಸೀರೆ ಅಂಚು ಕಂಡಿತು, ಅಷ್ಟರಲ್ಲೇ ಒಳಗೆ ಸರಿಯಿತು.

ಭಾನುವಾರಕ್ಕೆ ಇನ್ನೂ ಮೂರು ದಿನ. ಧನುರ್ಮಾಸದಲ್ಲಿ ಹೆಣ್ಣು ಕೇಳುವ ಮಾತು ಆಡಬಹುದಾ ಅಂತ ಒಂದು ಗಳಿಗೆ ಯೋಚನೆ ಬಂತು. ಇದು ಮಗೂನ ಕೇಳುವ ಮಾತಲ್ಲವಾ, ದೇವರು ಏನೂ ಅಂದುಕೊಳ್ಳುವುದಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ನಾದಿನಿಗೆ ಹೇಳಲು ಫೋನು ಎತ್ತಿಕೊಂಡೆ. ಆರಂಕಿ ಒಂದು ಸಲ ತಪ್ಪಾಯಿತು, ಎರಡನೇ ಸಲ ತೆರೆಯಿತು. ಮೆಸೇಜು ಬೇಡ ಅನ್ನಿಸಿತು, ಫೋನೇ ಮಾಡಿ ಬಾಯಲ್ಲಿ ಹೇಳಿದೆ. ಹೇಳಿ ಮೊರ ಎತ್ತಿಕೊಂಡೆ. ಇನ್ನೂ ಅರ್ಧ ಚೀಲ ರಾಗಿ ಕೇರುವುದಿತ್ತು.